ಹನ್ನೊಂದನೆಯ ಸೆಕೆಂಡು

ಭಾನುವಾರ, ಇನ್ನೂ ಐದೂವರೆ. ಬಲಾರ್ಡ್ ಎಸ್ಟೇಟಿನಲ್ಲಿ
ಹಾಲಿನ ಟೆಂಪೊ ಬಿಟ್ಟರೆ ನಾವೇ.
ರಸ್ತೆಯ ಮೇಲೆ ಬೋರಲು ಮಲಗಿದ್ದೇನೆ,
ಕ್ಯಾಮೆರಾದ ಕೆಳಗೆ ಮಡಚಿಟ್ಟ ಗೋಣಿಚೀಲ,
ಮೊಣಕೈಯಡಿ ನಿನ್ನೆಯ ಕಾವು ಇನ್ನೂ ಇಳಿಯದ ಟಾರು.
ಇಪ್ಪತ್ತೆರಡು ವರ್ಷ ಮದುವೆ ಮಂಟಪಗಳಲ್ಲಿ ನಿಂತೇ ದುಡಿದವನು;
ಮಲಗಿ ಶೂಟ್ ಮಾಡಲು ಕಲಿಸಿದ್ದು ಈ ಕಾರುಗಳು.
ಧಾರೆಯ ನೀರು ಬೀಳುವ ಹೊತ್ತು ತಪ್ಪಿಹೋದರೆ
ಪುರೋಹಿತರು ಇನ್ನೊಮ್ಮೆ ಚೊಂಬು ಬಗ್ಗಿಸುತ್ತಾರೆ.
ಇದು ಹಾಗಲ್ಲ.

ಆ ತುದಿಯಲ್ಲಿ ಫ್ರೆಡೂನ್ ಸೇಠನ ಪ್ಲಿಮತ್ ಬರಾಕುಡಾ,
ಎಪ್ಪತ್ತರ ಮಾಡೆಲ್, ಎಂಟು ಸಿಲಿಂಡರು,
ಬಸಳೆ ಹಣ್ಣು ಹಿಚುಕಿ ಬಳಿದ ಬಣ್ಣ.
"ಮೀನಿನ ಹೆಸರಂತೆ, ಹಲ್ಲಿರುವ ಮೀನು"
ಎಂದು ದೂಮಣ್ಣನಿಗೆ ಹೇಳಿದ್ದೆ, ಅವರಿಗೆ ಕಿವಿ ಇದ್ದ ಕಾಲದಲ್ಲಿ.
"ಮೀನೂ ಇಷ್ಟು ಕುಡಿಯುವುದಿಲ್ಲ ಮಾರಾಯ" ಎಂದಿದ್ದರು,
ಪೆಟ್ರೋಲಿನ ಮುಳ್ಳು ನೋಡುತ್ತ.

ಸೇಠ್ ಕೈ ಎತ್ತಿದ. ನಾನು ಹೆಬ್ಬೆರಳು ಒತ್ತಿದೆ.
ಸದ್ದು ಮೊದಲು ಬಂದದ್ದು ಕಿವಿಗಲ್ಲ, ಹೊಟ್ಟೆಗೆ,
ನೆಲದಡಿ ಯಾರೋ ಭತ್ತ ಕುಟ್ಟಿದ ಹಾಗೆ.
ಪಾರಿವಾಳಗಳು ಒಂದು ಕಟ್ಟಡದಷ್ಟು ಎದ್ದವು.
ಹಿಂದಿನ ಚಕ್ರ ಇದ್ದಲ್ಲೇ ತಿರುಗಿ ಬಿಳಿಯ ಮೋಡ ಹೆತ್ತು
ಆಮೇಲೆ ಇಡೀ ಬಂಡಿ
ಬಂತು ಎನ್ನುವಷ್ಟರಲ್ಲಿ ಹೋಗಿತ್ತು,
ನನ್ನ ಕೂದಲಲ್ಲಿ ಸುಟ್ಟ ರಬ್ಬರಿನ ವಾಸನೆ ಬಿಟ್ಟು.

ಹವಾಲ್ದಾರ ಬಂದ, ಸೀಟಿ ಬಾಯಲ್ಲೇ ಕಚ್ಚಿಕೊಂಡು.
ಚಲನ್ ಬರೆದ. ಬರೆದು ಮುಗಿಸಿ, ಪೆನ್ನು ಜೇಬಿಗೆ ಸೇರಿಸಿ
"ದಾಖವ್ ನಾ" ಎಂದ, ಮೆಲ್ಲಗೆ.
ಅಂಗೈಯಗಲದ ತೆರೆಯ ಮೇಲೆ ಮೂರು ತಲೆ ಕೂಡಿದವು.
ಎರಡು ಸಲ ನೋಡಿ ತನ್ನ ನಂಬರು ಕೊಟ್ಟ.
ಮಗನಿಗೆ ತೋರಿಸಬೇಕಂತೆ.

ಮಧ್ಯಾಹ್ನ ಎಲ್ಲರಿಗೂ ಕಳಿಸಿದೆ, ಹತ್ತೊಂಬತ್ತೇ ಸೆಕೆಂಡು.
ಸಂಜೆಗೆ ಸಾವಿರಾರು ಜನ ನೋಡಿದ್ದರು.
ಬೆಂಕಿಯ ಚಿಹ್ನೆ, ಹೃದಯದ ಚಿಹ್ನೆ; ನಾಸಿಕದ ಹುಡುಗನೊಬ್ಬ
ಆ ಸದ್ದನ್ನೇ ಫೋನಿನ ರಿಂಗಿಗೆ ಇಟ್ಟುಕೊಂಡ.

ದೂಮಣ್ಣ ಸಾಲಿಯಾನರಿಗೆ ಫೋನಿಲ್ಲ.
ರೇ ರೋಡಿನ ತಗಡು ಶೆಡ್ಡಿನಲ್ಲಿ ನಲವತ್ತು ವರ್ಷ
ಎಂಜಿನ್ನುಗಳ ಮಾತು ಕೇಳಿ ಕೇಳಿ
ಮೊದಲು ಮನುಷ್ಯರದ್ದು ಕೇಳಿಸದಾಯಿತು,
ಆಮೇಲೆ ಎಂಜಿನ್ನುಗಳದ್ದೂ.
ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಎಂಟರ ತನಕ ಓದಿ
ಅಮೆರಿಕದ ಮ್ಯಾನ್ಯುಯಲ್ಲನ್ನು ಬೆರಳಿಟ್ಟು ಬಿಡಿಸಿದವರು.
ನಾಲ್ಕು ಪೆಟ್ಟಿಗೆ, ಎರಡು ಗೋಣಿಯಾಗಿ ಬಂದಿದ್ದ ಬರಾಕುಡಾ
ಕಾರಾಗಿ ಎದ್ದದ್ದು ಅವರ ಕೈಯಲ್ಲಿ.

ಕಾಳಾಚೌಕಿಯ ಚಾಳು, ಮೂರನೆಯ ಮಹಡಿ.
ಲ್ಯಾಪ್‌ಟಾಪು ತೆರೆದಿಟ್ಟೆ. ಅದುರಾದರೂ ಸಿಗಲಿ ಎಂದು
ಮಗಳು ಸುಗಂಧಿ ಸ್ಪೀಕರನ್ನು ಅಂಗೈಗೆ ಕೊಟ್ಟಳು.
ಅವರು ಅದನ್ನು ಬದಿಗಿಟ್ಟು ಕನ್ನಡಕ ಹಾಕಿಕೊಂಡರು.
ನಾನು ಅವರ ಮುಖವನ್ನೇ ನೋಡುತ್ತಿದ್ದೆ,
ಮದುವೆ ವೀಡಿಯೊದವನ ಚಾಳಿ:
ಎಲ್ಲಿ ಕಣ್ಣು ತುಂಬುತ್ತದೋ ಅಲ್ಲಿಗೆ ಜೂಮು.
ತುಂಬಲಿಲ್ಲ.

"ಹಿಂದೆ ಹಾಕು." ಹಾಕಿದೆ.
"ಇನ್ನೊಂಚೂರು. ನಿಲ್ಲಿಸು."

ಹನ್ನೊಂದನೆಯ ಸೆಕೆಂಡು. ಸೇಠ್ ಕಾಲು ಎತ್ತಿದ ಕ್ಷಣ,
ಎಡಗಡೆಯ ಕೊಳವೆಯ ಬಾಯಲ್ಲಿ
ಉಗುರಿನಷ್ಟು ನೀಲಿ.
ಸಾವಿರಾರು ಜನ ನೋಡಿಯೂ ದಾಟಿಹೋದದ್ದು.
ಬಣ್ಣ ತಿದ್ದುವಾಗ, ಚೆಂದವಿದೆಯಲ್ಲ ಎಂದು
ನಾನೇ ಒಂದಿಷ್ಟು ಹೆಚ್ಚಿಸಿದ್ದು.

"ವಾಲ್ವಿನ ಸೀಲು ಹೋಗಿದೆ" ಎಂದರು ದೂಮಣ್ಣ,
ಇಡೀ ಚಾಳಿಗೆ ಕೇಳುವ ಕಿವುಡರ ದನಿಯಲ್ಲಿ.
"ಎಣ್ಣೆ ಕುಡಿಯುತ್ತಿದೆ. ಬುಧವಾರದೊಳಗೆ ತರಲಿಕ್ಕೆ ಹೇಳು."
ಚಾ ಬರುವ ಮೊದಲೇ ಎದ್ದು, ಮಂಚದಡಿಯಿಂದ
ಸ್ಪ್ಯಾನರಿನ ಡಬ್ಬಿ ಎಳೆದರು. ಮುಚ್ಚಳ ಕಿರ್ರೆಂದಿತು,
ನನಗೂ ಸುಗಂಧಿಗೂ ಮಾತ್ರ.
ಒಳಗೆ ಕೈಯಾಡಿಸುತ್ತ, ನನ್ನ ಕಡೆ ನೋಡದೆ ಅಂದರು:
"ಪಾರಿವಾಳ ಚೆಂದ ಬಂದಿದೆ."